ಅಕ್ಕನ 87 ಪೌಂಡ್ 30 ಪೆನ್ಸ್

ಕಳೆದ ವಾರ ಶಾಂತಳ್ಳಿ ಕಡೆಯ ಅಕ್ಕನ ಮನೆಗೆ ಹೋದಾಗ ಕಣದ ತುಂಬ ಕಾಫಿ ಹರಡಿತ್ತು. ಅಕ್ಕ ಜಗಲಿಯ ಮೇಲೆ ಕುಳಿತು, ಇಂಗ್ಲೆಂಡಿನಿಂದ ಬಂದ ಲಕೋಟೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯ ಮೇಲೆಯೇ ಇದ್ದ ಕನ್ನಡಕವನ್ನು ಹುಡುಕುತ್ತಿದ್ದಳು. ನನ್ನನ್ನು ಕಂಡವಳೇ, "ನಾನಿನ್ನೂ ಸತ್ತಿಲ್ಲ ಅಂತ ಬರೆದು ಕಳಿಸಬೇಕಂತೆ ಕಣೋ. ಪೇಟೆಗೆ ಹೋಗುವಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು" ಎಂದಳು.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ಅವಳಿಗೀಗ 79 ವರ್ಷ. ಹೊರದೇಶಗಳಲ್ಲಿರುವ ಪಿಂಚಣಿದಾರರಿಗೆ ಬ್ರಿಟನ್ನಿನ ಪಿಂಚಣಿ ಇಲಾಖೆ ಆಗಾಗ ಕಳುಹಿಸುವ ಜೀವಂತ ಪ್ರಮಾಣಪತ್ರದ ನಮೂನೆ ಅದು. ಹದಿನಾರು ವಾರಗಳೊಳಗೆ ಸಾಕ್ಷಿಯ ಸಹಿ ಹಾಕಿಸಿ ಹಿಂದಿರುಗಿಸದಿದ್ದರೆ ಪಿಂಚಣಿ ನಿಂತುಹೋಗಬಹುದು. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ನವೆಂಬರಿನಲ್ಲೂ ನಮ್ಮ ಬ್ಯಾಂಕುಗಳ ಮುಂದೆ ಮೀಸೆ ತಿರುವಿಕೊಂಡ ನಿವೃತ್ತ ಸುಬೇದಾರರೂ ಹವಾಲ್ದಾರರೂ ತಾವು ಬದುಕಿದ್ದೇವೆಂದು ತೋರಿಸಲು ಸಾಲುಗಟ್ಟಿ ನಿಲ್ಲುವುದನ್ನು ನಾವೆಲ್ಲರೂ ನೋಡಿದ್ದೇವೆ.

ಆ ನಮೂನೆಯನ್ನು ತುಂಬಿಸುತ್ತ ಕುಳಿತಾಗ ಅಕ್ಕ ಕೇಳಿದ ಒಂದು ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಬ್ರಿಟನ್ನಿನ ರಾಜಕೀಯದಲ್ಲಿ ಕಳೆದ ಎರಡು ವರ್ಷಗಳಿಂದ ಪಿಂಚಣಿ, ಅಂಗವಿಕಲರ ಭತ್ಯೆ, ಮಕ್ಕಳ ಭತ್ಯೆಗಳ ಕುರಿತು ನಡೆಯುತ್ತಿರುವ ಜಗಳವನ್ನು ನಾನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನಿಗೆ ಇದು ಹಳೆಯ ಚಟ. ಆದರೆ ಅಷ್ಟೆಲ್ಲ ಓದಿದ್ದರೂ ಅಕ್ಕನ ಪ್ರಶ್ನೆಗೆ ನೇರವಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಅಕ್ಕ 1967ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ನರ್ಸಿಂಗ್ ಕಲಿಯಲು ಇಂಗ್ಲೆಂಡಿಗೆ ಹೋದವಳು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ 39 ವರ್ಷ ದುಡಿದಳು, ಅಲ್ಲಿಯೇ ಮದುವೆಯಾದಳು, ಅಲ್ಲಿನ ಪ್ರಜೆಯೂ ಆದಳು. ಆಗಿನ ನಿಯಮದ ಪ್ರಕಾರ ಹೆಂಗಸರಿಗೆ ಪೂರ್ಣ ಮೂಲ ಪಿಂಚಣಿ ಸಿಗಲು 39 ವರ್ಷಗಳ ರಾಷ್ಟ್ರೀಯ ವಿಮೆಯ ವಂತಿಗೆ ಬೇಕಿತ್ತು, ಪಿಂಚಣಿಯ ವಯಸ್ಸು 60 ಇತ್ತು. ಎರಡನ್ನೂ ಅವಳು ಕರಾರುವಾಕ್ಕಾಗಿ ಪೂರೈಸಿ 2006ರಲ್ಲಿ ನಿವೃತ್ತಳಾದಳು. ವಾರಕ್ಕೆ 84 ಪೌಂಡ್ 25 ಪೆನ್ಸ್‌ನಿಂದ ಶುರುವಾದ ಪಿಂಚಣಿ ಮರುವರ್ಷದ ಏಪ್ರಿಲ್‌ನಲ್ಲಿ 87 ಪೌಂಡ್ 30 ಪೆನ್ಸ್ ಆಯಿತು. ಆ ವರ್ಷದ ತುಲಾ ಸಂಕ್ರಮಣದ ಹೊತ್ತಿಗೆ, ಭಾವ ತೀರಿಕೊಂಡ ಮೇಲೆ, ಅವಳು ತವರಿನ ಹಳೆಯ ಮನೆಗೆ ಮರಳಿದಳು. (ಸಾಗರೋತ್ತರ ಭಾರತೀಯರ ಕಾರ್ಡ್ ಹೊಂದಿದವರು ಇಲ್ಲಿ ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಆ ನಿಯಮವೊಂದು ಅವಳಿಗೆ ಅನುಕೂಲವಾಗಿ ಒದಗಿತು.)

ಅವಳು ಬೆಂಗಳೂರಿನಲ್ಲಿ ವಿಮಾನ ಇಳಿದ ದಿನದಿಂದ ಆ ಪಿಂಚಣಿ 87 ಪೌಂಡ್ 30 ಪೆನ್ಸ್‌ನಲ್ಲಿಯೇ ನಿಂತಿದೆ. ಅವಳ ಜೊತೆಗೇ ನಿವೃತ್ತಳಾಗಿ ಅಲ್ಲಿಯೇ ಉಳಿದ ಗೆಳತಿಗೆ 2025-26ರ ದರದಂತೆ ವಾರಕ್ಕೆ 176 ಪೌಂಡ್ 45 ಪೆನ್ಸ್. ಇಬ್ಬರೂ ಒಂದೇ ವಾರ್ಡಿನಲ್ಲಿ ರಾತ್ರಿಪಾಳಿ ಮಾಡಿದವರು, ಒಂದೇ ದರದಲ್ಲಿ ವಂತಿಗೆ ಕಟ್ಟಿದವರು. ಈಗ ಅಕ್ಕನಿಗೆ ಸಿಗುವುದು ಗೆಳತಿಯ ಅರ್ಧಕ್ಕಿಂತಲೂ ತುಸು ಕಡಿಮೆ.

ಇದಕ್ಕೆ ಅಲ್ಲಿ 'ಹೆಪ್ಪುಗಟ್ಟಿದ ಪಿಂಚಣಿ' ಎಂಬ ಅರ್ಥದ ಹೆಸರೇ ಇದೆ. ಯಾವ ದೇಶದೊಂದಿಗೆ ಬ್ರಿಟನ್ನಿಗೆ ಪಿಂಚಣಿಯ ಏರಿಕೆಯನ್ನೂ ಒಳಗೊಂಡ ಪರಸ್ಪರ ಒಪ್ಪಂದವಿದೆಯೋ ಆ ದೇಶದಲ್ಲಿ ನೆಲೆಸಿದವರಿಗೆ ವರ್ಷವರ್ಷವೂ ಪಿಂಚಣಿ ಏರುತ್ತದೆ, ಇಲ್ಲದಿದ್ದರೆ ಏರುವುದಿಲ್ಲ. ಅಮೆರಿಕ, ಫಿಲಿಪ್ಪೀನ್ಸ್, ಮಾರಿಷಸ್ ಮತ್ತು ಯುರೋಪಿನ ದೇಶಗಳಲ್ಲಿ ಏರುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಏರುವುದಿಲ್ಲ. ಹೀಗೆ ಹೆಪ್ಪುಗಟ್ಟಿದ ಪಿಂಚಣಿಯವರು ಲೋಕದಾದ್ಯಂತ ನಾಲ್ಕೂವರೆ ಲಕ್ಷದಷ್ಟು ಇದ್ದಾರೆ. ಇದರಲ್ಲೊಂದು ವಿನೋದವೂ ಇದೆ: ಅಂಥವರು ಕೆಲವು ವಾರಗಳ ಮಟ್ಟಿಗೆ ಬ್ರಿಟನ್ನಿಗೆ ಹೋದರೆ, ಹೋಗಿರುವಷ್ಟು ದಿನ ಅಂದಿನ ಪೂರ್ಣ ದರವನ್ನು ಕೇಳಿ ಪಡೆಯಬಹುದು. ಹೀಥ್ರೂವಿನಲ್ಲಿ ಇಳಿದರೆ ಏರುವ ಪಿಂಚಣಿ ದೇವನಹಳ್ಳಿಯಲ್ಲಿ ಇಳಿದೊಡನೆ ಇಳಿಯುತ್ತದೆ.

ಅಕ್ಕ ಕಷ್ಟದಲ್ಲಿದ್ದಾಳೆ ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯ ನೌಕರಿಯ ಲೆಕ್ಕದಲ್ಲಿ ಬರುವ ಇನ್ನೊಂದು ಪಿಂಚಣಿ ಅವಳಿಗಿದೆ, ಅವಳು ಎಲ್ಲಿದ್ದರೂ ಅದು ಪ್ರತಿವರ್ಷ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುತ್ತದೆ. ಪೌಂಡಿನ ಎದುರು ರೂಪಾಯಿ ಬಿದ್ದಿರುವುದರಿಂದ, ನಿಂತ ಪಿಂಚಣಿಯೂ ರೂಪಾಯಿಯಲ್ಲಿ ಎಣಿಸಿದಾಗ ಅಂದಿಗಿಂತ ಇಂದು ಹೆಚ್ಚೇ. ಆದರೂ ಒಬ್ಬಳೇ ಹೆಂಗಸಿಗೆ, ಒಂದೇ ದುಡಿಮೆಗೆ, ಒಂದೇ ಸರ್ಕಾರ ಕೊಡುವ ಎರಡು ಪಿಂಚಣಿಗಳಲ್ಲಿ ಒಂದು ನಡೆಯುತ್ತಿದೆ, ಇನ್ನೊಂದು ಹದಿನೆಂಟು ವರ್ಷಗಳಿಂದ ನಿಂತಲ್ಲೇ ನಿಂತಿದೆ. ಅಕ್ಕ ಕೇಳಿದ್ದು ಇಷ್ಟೇ: "ನಾನು ಸ್ಟಾಂಪ್ ಕಟ್ಟಿದ್ದೇನಲ್ಲ, ಅದು ನನ್ನ ದುಡ್ಡೋ ಅವರ ದುಡ್ಡೋ?"

ಸ್ಟಾಂಪ್ ಎಂದರೆ ಏನೆಂದು ಹೇಳಬೇಕು. 1975ರವರೆಗೆ ಅಲ್ಲಿ ಪ್ರತಿ ನೌಕರನಿಗೂ ರಾಷ್ಟ್ರೀಯ ವಿಮೆಯ ಒಂದು ಕಾರ್ಡ್ ಇರುತ್ತಿತ್ತು. ವಾರವಾರದ ವಂತಿಗೆಗೆ ಗುರುತಾಗಿ ಮಾಲೀಕರು ಅದರ ಮೇಲೆ ಸ್ಟಾಂಪ್ ಅಂಟಿಸುತ್ತಿದ್ದರು. ಕಾರ್ಡ್ ಹೋಗಿ ಅರ್ಧ ಶತಮಾನವಾದರೂ ಆ ಪೀಳಿಗೆಯವರ ಬಾಯಲ್ಲಿ ಮಾತು ಉಳಿದಿದೆ. ಅಂಟಿಸಿದ ಸ್ಟಾಂಪನ್ನು ಕಣ್ಣಾರೆ ಕಂಡವರು ಅದನ್ನು ತಮ್ಮ ಉಳಿತಾಯವೆಂದು ಭಾವಿಸಿದರೆ ತಪ್ಪೇನಿದೆ?

ಬ್ರಿಟನ್ನಿನ ಮೊದಲ ವೃದ್ಧಾಪ್ಯ ಪಿಂಚಣಿಗೆ ಇಂಥ ಯಾವ ವಂತಿಗೆಯೂ ಇರಲಿಲ್ಲ. 1908ರ ಕಾಯ್ದೆಯಂತೆ 1909ರ ಜನವರಿ 1ರಿಂದ, 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಷಿಲಿಂಗ್ ಸಿಗತೊಡಗಿತು. ಅದು ಖಜಾನೆಯ ಹಣ, ಆದಾಯ ನೋಡಿ ಕೊಡುತ್ತಿದ್ದುದು. ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ತನ್ನ 1942ರ ವರದಿಯಲ್ಲಿ ಇದಕ್ಕೆ ಬೇರೆಯ ತಳಹದಿ ಹಾಕಿದ. ಜನರಿಗೆ ಬೇಕಾಗಿರುವುದು ಸರ್ಕಾರದ ಪುಕ್ಕಟೆ ಭತ್ಯೆಯಲ್ಲ, ತಾವು ಕಟ್ಟಿದ ವಂತಿಗೆಗೆ ಪ್ರತಿಯಾಗಿ ಬರುವ ಹಕ್ಕಿನ ಹಣ ಎಂಬುದು ಅವನ ವಾದವಾಗಿತ್ತು. 1946ರಲ್ಲಿ ರಾಷ್ಟ್ರೀಯ ವಿಮಾ ಕಾಯ್ದೆ ಬಂದು, 1948ರ ಜುಲೈ 5ರಿಂದ ಜಾರಿಯಾಯಿತು. ಬೆವರಿಜ್ ಹುಟ್ಟಿದ್ದು ಅಂದಿನ ಬಂಗಾಳದ ರಂಗಪುರದಲ್ಲಿ, ಐಸಿಎಸ್ ಅಧಿಕಾರಿಯ ಮಗನಾಗಿ. ಅವನು ಕಟ್ಟಿದ ವ್ಯವಸ್ಥೆಯಲ್ಲಿ ಭಾರತಕ್ಕೆ ಮರಳಿದವರಿಗೂ ಈ ಗತಿ ಬಂದದ್ದನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ, ಅಷ್ಟೇ.

ಹೆಸರು ವಿಮೆಯಾದರೂ ಅಲ್ಲಿ ಯಾರ ಹೆಸರಿನಲ್ಲೂ ಹಣ ಕೂಡಿಬಿದ್ದಿಲ್ಲ. ಇಂದು ದುಡಿಯುವವರು ಕಟ್ಟುವ ವಂತಿಗೆಯಿಂದ ಇಂದಿನ ಮುದುಕರಿಗೆ ಪಿಂಚಣಿ ಹೋಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕಣಜದಲ್ಲಿ ಭತ್ತ ತುಂಬಿಟ್ಟಿಲ್ಲ. ಈ ವರ್ಷ ಗದ್ದೆ ಉತ್ತವನು ಮನೆಯ ಹಿರಿಯರಿಗೆ ಈ ವರ್ಷವೇ ಬಡಿಸುತ್ತಿದ್ದಾನೆ, ಮುಂದೆ ತನಗೂ ಯಾರಾದರೂ ಬಡಿಸಿಯಾರು ಎಂಬ ನಂಬಿಕೆಯ ಮೇಲೆ. 2006ರ ಏಪ್ರಿಲ್ ನಂತರ ಕರ್ನಾಟಕ ಸರ್ಕಾರದ ನೌಕರಿಗೆ ಸೇರಿದ ನನ್ನ ಮಗನ ಸ್ಥಿತಿ ಇದರ ತಿರುವುಮುರುವು. ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯಲ್ಲಿ ಅವನ ಹೆಸರಿನ ಕಣಜವೇನೋ ಇದೆ, ಆದರೆ ಮುಂದೆ ಎಷ್ಟು ಸೇರು ಅಳೆದು ಕೊಡುತ್ತಾರೆ ಎಂಬ ಭರವಸೆ ಇಲ್ಲ. ಹಳೆಯ ಪಿಂಚಣಿಯವನಾದ ನನಗೆ ಜನವರಿ, ಜುಲೈ ಎಂದು ವರ್ಷಕ್ಕೆರಡು ಬಾರಿಯ ತುಟ್ಟಿಭತ್ಯೆ ಇದೆ. ಮನೆಯಲ್ಲಿ ಈ ವಿಷಯ ಬಂದಾಗ ನಾನು ಹೆಚ್ಚು ಮಾತಾಡುವುದಿಲ್ಲ.

ಬಡಿಸುವ ಪ್ರಮಾಣವನ್ನು ಯಾವ ಲೆಕ್ಕದಲ್ಲಿ ಹೆಚ್ಚಿಸಬೇಕು ಎಂಬುದೇ ಕಳೆದ 45 ವರ್ಷಗಳಿಂದ ಬ್ರಿಟನ್ನಿನ ಪಿಂಚಣಿ ರಾಜಕೀಯದ ತಿರುಳು. 1980ರಲ್ಲಿ ಥ್ಯಾಚರ್ ಸರ್ಕಾರ ಪಿಂಚಣಿಗೂ ಕೂಲಿ-ಸಂಬಳದ ಏರಿಕೆಗೂ ಇದ್ದ ನಂಟನ್ನು ಕಡಿದು, ಬೆಲೆಯೇರಿಕೆಗೆ ಮಾತ್ರ ಗಂಟುಹಾಕಿತು. ಇದರಿಂದ ಖಜಾನೆಗೆ ಅಪಾರ ಉಳಿತಾಯವಾಯಿತು, ಪಿಂಚಣಿ ಮಾತ್ರ ಸಂಬಳಗಳಿಗಿಂತ ವರ್ಷವರ್ಷವೂ ಹಿಂದೆ ಬಿತ್ತು. 2000ದ ಏಪ್ರಿಲ್‌ನಲ್ಲಿ, ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ, ಹಣದುಬ್ಬರ ತೀರ ಕಡಿಮೆಯಿದ್ದ ಕಾರಣ ನಿಯಮದ ಪ್ರಕಾರ ಬಂದ ಏರಿಕೆ ವಾರಕ್ಕೆ ಬರೀ 75 ಪೆನ್ಸ್. ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಆದರೆ 75 ಪೆನ್ಸ್ ಎಂದು ಕೇಳಿದ ಮುದುಕರಿಗೆ ಮುಖಕ್ಕೆ ಚಿಲ್ಲರೆ ಎಸೆದಂತಾಯಿತು. ಅಕ್ಕನಿಗೆ ಆ ದಿನಗಳು ಚೆನ್ನಾಗಿ ನೆನಪಿವೆ; ವಾರ್ಡಿನ ರೋಗಿಗಳು ಜ್ವರದಲ್ಲೂ ಅದನ್ನೇ ಹೇಳಿ ಬೈಯುತ್ತಿದ್ದರಂತೆ.

ಆ ಅವಮಾನಕ್ಕೆ ಪರಿಹಾರವೆಂಬಂತೆ 2010ರಲ್ಲಿ ಬಂದ ಮೈತ್ರಿ ಸರ್ಕಾರ 'ಟ್ರಿಪಲ್ ಲಾಕ್' ಎಂಬ ಮೂರು ಬೀಗಗಳ ವ್ಯವಸ್ಥೆಯನ್ನು ತಂದಿತು. ಹಣದುಬ್ಬರ, ಸರಾಸರಿ ಸಂಬಳದ ಏರಿಕೆ, ಶೇ. 2.5 — ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಪ್ರಮಾಣದಲ್ಲಿ ಪಿಂಚಣಿ ಪ್ರತಿವರ್ಷ ಏರಬೇಕು. ಕೇಳಲು ನ್ಯಾಯವಾಗಿಯೇ ಇದೆ, ಆದರೆ ಇದು ಮುಂದಕ್ಕೆ ಮಾತ್ರ ತಿರುಗುವ ಚಕ್ರ. ಬೆಲೆಗಳು ನೆಗೆದ ವರ್ಷ ಬೆಲೆಯ ಲೆಕ್ಕದಲ್ಲಿ ಏರುತ್ತದೆ. ಆ ಬೆಲೆಯನ್ನು ಸರಿದೂಗಿಸಲು ಮರುವರ್ಷ ಸಂಬಳಗಳು ಏರಿದಾಗ ಸಂಬಳದ ಲೆಕ್ಕದಲ್ಲಿ ಮತ್ತೊಮ್ಮೆ ಏರುತ್ತದೆ. 2023ರಲ್ಲಿ ಶೇ. 10.1, 2024ರಲ್ಲಿ ಶೇ. 8.5 ಏರಿದ್ದು ಹೀಗೆ. 2024-25ರಲ್ಲಿ ಸರ್ಕಾರಿ ಪಿಂಚಣಿಯ ಒಟ್ಟು ವೆಚ್ಚ ಸುಮಾರು 138 ಶತಕೋಟಿ ಪೌಂಡ್, ಅಂದರೆ ದೇಶದ ಒಟ್ಟು ಉತ್ಪನ್ನದ ಶೇ. 5ರಷ್ಟು. ಈ ಮೂರು ಬೀಗಗಳ ಹೆಚ್ಚುವರಿ ಹೊರೆ ಮೊದಲು ಊಹಿಸಿದ್ದಕ್ಕಿಂತ ಮೂರು ಪಟ್ಟು ಆಗಲಿದೆಯೆಂದು ಅಲ್ಲಿನ ಆಯವ್ಯಯ ಹೊಣೆಗಾರಿಕೆ ಕಚೇರಿಯೇ 2025ರ ಜುಲೈನಲ್ಲಿ ಹೇಳಿದೆ. ದುಡಿಯುವ ವಯಸ್ಸಿನವರ ಮನೆಬಾಡಿಗೆ ಮುಗಿಲು ಮುಟ್ಟಿರುವಾಗ ಸ್ವಂತ ಮನೆಯುಳ್ಳ ಮುದುಕರಿಗೆ ಮೂರು ಬೀಗದ ರಕ್ಷಣೆ ಏಕೆ ಎಂದು ಕೇಳುವ ತರುಣರ ವಾದದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ಆದರೆ ಅದನ್ನು ಮುಟ್ಟಿದವರ ಕೈ ಸುಡುತ್ತದೆ. ಆಗ ಪ್ರಧಾನಿಯಾಗಿದ್ದ ತೆರೇಸಾ ಮೇ 2017ರ ಪ್ರಣಾಳಿಕೆಯಲ್ಲಿ ಮೂರು ಬೀಗಗಳಲ್ಲಿ ಒಂದನ್ನು ತೆಗೆಯುತ್ತೇನೆಂದರು, ಚಳಿಗಾಲದ ಇಂಧನ ಭತ್ಯೆಯನ್ನು ಆದಾಯ ನೋಡಿ ಕೊಡುತ್ತೇನೆಂದರು. ಆ ಚುನಾವಣೆಯಲ್ಲಿ ಇದ್ದ ಬಹುಮತವನ್ನೂ ಕಳೆದುಕೊಂಡರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ರಾಜಕಾರಣಿಗಳು ಅದರಿಂದ ಕಲಿತ ಪಾಠ ಒಂದೇ.

ಆ ಪಾಠವನ್ನು ಮರೆತವರು 2024ರಲ್ಲಿ ಹಣಕಾಸು ಸಚಿವೆಯಾದ ರೇಚಲ್ ರೀವ್ಸ್. ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ನಾಲ್ಕೇ ವಾರಗಳಲ್ಲಿ, 2024ರ ಜುಲೈ 29ರಂದು, ಹಿಂದಿನ ಸರ್ಕಾರ ಖಜಾನೆಯಲ್ಲಿ 22 ಶತಕೋಟಿ ಪೌಂಡಿನ ತೂತು ಬಿಟ್ಟುಹೋಗಿದೆ ಎಂದು ಹೇಳಿ, ಚಳಿಗಾಲದ ಇಂಧನ ಭತ್ಯೆಯನ್ನು ಕಡುಬಡ ಪಿಂಚಣಿದಾರರಿಗೆ ಮಾತ್ರ ಸೀಮಿತಗೊಳಿಸಿದರು. 1997ರಲ್ಲಿ ಆರಂಭವಾದ, ಮನೆಯೊಂದಕ್ಕೆ 200ರಿಂದ 300 ಪೌಂಡಿನ ಈ ಭತ್ಯೆಯನ್ನು ಒಂದೇ ಏಟಿಗೆ ಸುಮಾರು ಒಂದು ಕೋಟಿ ಜನ ಕಳೆದುಕೊಂಡರು. ಬಡ ಪಿಂಚಣಿದಾರರ ಆದಾಯಕ್ಕೆ ಕೂಡಿಸಿ ಕೊಡುವ 'ಪೆನ್ಷನ್ ಕ್ರೆಡಿಟ್' ಅನ್ನೋ ಆದಾಯ ನೋಡಿ ಕೊಡುವ ಅಂಥ ಇನ್ನೊಂದು ಭತ್ಯೆಯನ್ನೋ ಪಡೆಯುವವರಿಗೆ ಮಾತ್ರ ಎಂಬುದು ಷರತ್ತು. ಪೆನ್ಷನ್ ಕ್ರೆಡಿಟ್‌ನ ಗಡಿ ಒಬ್ಬಂಟಿಗರಿಗೆ ವಾರಕ್ಕೆ 218 ಪೌಂಡ್ 15 ಪೆನ್ಸ್ ಆಗಿತ್ತು. 219 ಪೌಂಡ್ ಇದ್ದವಳಿಗೆ ಏನೂ ಇಲ್ಲ. ಅರ್ಹತೆಯಿದ್ದರೂ ಅರ್ಜಿ ಹಾಕದವರೇ 8.8 ಲಕ್ಷದಷ್ಟು ಇದ್ದಾರೆಂದು ಸರ್ಕಾರವೇ ಒಪ್ಪಿತ್ತು. ಬಡತನದ ರೇಖೆಯ ಆಚೆಗೊಬ್ಬ ಈಚೆಗೊಬ್ಬ ಎಂದು ಪಡಿತರ ಚೀಟಿ ವಿಂಗಡಿಸುವುದನ್ನು ಕಂಡ ನಮಗೆ, ಗೆರೆ ಎಳೆದಾಗ ಗೆರೆಯ ಅಂಚಿನಲ್ಲಿ ನಿಂತವರಿಗೆ ಏನಾಗುತ್ತದೆ ಎಂಬುದು ಗೊತ್ತೇ ಇದೆ. ಸೆಪ್ಟೆಂಬರ್ 10ರಂದು ಸಂಸತ್ತಿನಲ್ಲಿ 348-228 ಮತಗಳಿಂದ ಸರ್ಕಾರ ಗೆದ್ದಿತು. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ಪಕ್ಷ ನೆಲಕಚ್ಚಿತು, ಮತ ಕೇಳಲು ಹೋದಲ್ಲೆಲ್ಲ ಜನ ಇದನ್ನೇ ಎತ್ತಿ ಆಡಿದರೆಂದು ಸೋತವರೇ ಹೇಳಿಕೊಂಡರು. ಮೇ 21ರಂದು ಪ್ರಧಾನಿ ಸ್ಟಾರ್ಮರ್ ಹಿಂದೆ ಸರಿಯುವ ಸೂಚನೆ ಕೊಟ್ಟರು. ಜೂನ್ 9ರಂದು, ವರ್ಷಕ್ಕೆ 35,000 ಪೌಂಡಿನೊಳಗೆ ಆದಾಯವಿರುವ ಪಿಂಚಣಿದಾರರೆಲ್ಲರಿಗೂ ಭತ್ಯೆ ಮರಳಿ ಬಂತು. ಒಟ್ಟು ಪಿಂಚಣಿ ವೆಚ್ಚದ ಮುಂದೆ ಆ ಉಳಿತಾಯ ಎಷ್ಟು ಸಣ್ಣದೆಂದರೆ, ಅಷ್ಟಕ್ಕಾಗಿ ಅಷ್ಟು ದೊಡ್ಡ ಪಕ್ಷ ತನ್ನ ಹೆಸರನ್ನು ಹಾಗೆ ಸುಟ್ಟುಕೊಂಡದ್ದು ನನಗೆ ಇಂದಿಗೂ ಅರ್ಥವಾಗಿಲ್ಲ.

ಅದೇ ಬೇಸಗೆಯಲ್ಲಿ ಅಂಗವಿಕಲರ ಭತ್ಯೆಯ ಸರದಿ ಬಂತು. ದಿನನಿತ್ಯದ ಕೆಲಸಗಳಲ್ಲಿ ಎಷ್ಟು ಸಹಾಯ ಬೇಕು ಎಂಬುದಕ್ಕೆ ಅಂಕ ಕೊಟ್ಟು, ಎಂಟು ಅಂಕ ಬಂದವರಿಗೆ ಹಣ ಕೊಡುವ ವ್ಯವಸ್ಥೆ 2013ರಿಂದ ಅಲ್ಲಿದೆ. ಯಾವುದಾದರೂ ಒಂದೇ ಕೆಲಸದಲ್ಲಿ ಕನಿಷ್ಠ ನಾಲ್ಕು ಅಂಕ ಬಂದಿರಲೇಬೇಕು ಎಂಬ ಹೊಸ ಷರತ್ತನ್ನು ಸಚಿವೆ ಲಿಜ್ ಕೆಂಡಲ್ 2025ರ ಮಾರ್ಚ್‌ನಲ್ಲಿ ಮುಂದಿಟ್ಟರು. ಸ್ನಾನಕ್ಕೆ ಕೊಡುವ ಅಂಕಗಳನ್ನು ನಾನು ಅಕ್ಕನಿಗೆ ಓದಿ ಹೇಳಿದೆ: ಸೊಂಟದಿಂದ ಭುಜದವರೆಗೆ ತೊಳೆಯಲು ಇನ್ನೊಬ್ಬರ ಸಹಾಯ ಬೇಕಾದರೆ ನಾಲ್ಕು ಅಂಕ, ತಲೆಗೂದಲಿಗೋ ಸೊಂಟದಿಂದ ಕೆಳಕ್ಕೋ ಸಹಾಯ ಬೇಕಾದರೆ ಎರಡೇ ಅಂಕ. ಹೊಸ ಷರತ್ತಿನ ಪ್ರಕಾರ ಮೊದಲನೆಯವರು ದಾಟುತ್ತಾರೆ, ಎರಡನೆಯವರಿಗೆ ಬೇರೆ ಕೆಲಸಗಳಲ್ಲೂ ಎರಡೆರಡೇ ಬಂದು ಒಟ್ಟು ಎಂಟಾದರೂ ಹಣವಿಲ್ಲ. ನಾಲ್ಕು ದಶಕ ರೋಗಿಗಳ ಮೈ ತೊಳೆದ ಅಕ್ಕ ಕಾಫಿ ಲೋಟ ಕೆಳಗಿಟ್ಟು, "ಇದನ್ನು ಬರೆದವರು ಯಾರಿಗೂ ಒಂದು ದಿನ ಸ್ನಾನ ಮಾಡಿಸಿಲ್ಲ" ಎಂದಳು. ಬಗ್ಗಿ ಪಾದ ತೊಳೆಯಲಾಗದವರೇ ಸ್ನಾನದ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡು ವಾರ್ಡಿಗೆ ಬರುತ್ತಾರೆ ಎಂಬುದು ಅವಳ ಅನುಭವ.

ಅಲ್ಲಿನ ಸಂಸದರಿಗೂ ಹಾಗೆಯೇ ಅನ್ನಿಸಿರಬೇಕು. ನೂರಿಪ್ಪತ್ತಕ್ಕೂ ಹೆಚ್ಚು ಲೇಬರ್ ಸದಸ್ಯರು ತಮ್ಮದೇ ಸರ್ಕಾರದ ಮಸೂದೆಯ ವಿರುದ್ಧ ಸಹಿ ಹಾಕಿದರು. ಜುಲೈ 1ರಂದು ಮತದಾನಕ್ಕೆ ಇನ್ನೇನು ಗಂಟೆಗಳಿವೆ ಎನ್ನುವಾಗ, ಸದನದಲ್ಲಿ ಚರ್ಚೆ ನಡೆಯುತ್ತಿರುವಾಗಲೇ, ಆ ಷರತ್ತನ್ನು ಕೈಬಿಡಲಾಯಿತು. ಮಸೂದೆಗೆ 335-260ರ ಗೆಲುವು ಸಿಕ್ಕರೂ 49 ಲೇಬರ್ ಸದಸ್ಯರು ವಿರುದ್ಧವೇ ಮತ ಹಾಕಿದರು. ಇದನ್ನು ಪತ್ರಿಕೆಗಳು ಸರ್ಕಾರದ ಶರಣಾಗತಿಯೆಂದು ಬರೆದವು. ಉಳಿದ ಮಸೂದೆಯಲ್ಲಿ ಏನು ಪಾಸಾಯಿತು ಎಂಬುದನ್ನು ಗಮನಿಸಿದವರು ಕಡಿಮೆ. ಕಾಯಿಲೆಯಿಂದ ದುಡಿಯಲಾಗದವರಿಗೆ ಯುನಿವರ್ಸಲ್ ಕ್ರೆಡಿಟ್ ಎಂಬ, ದುಡಿಯುವ ವಯಸ್ಸಿನ ಬಡವರ ಭತ್ಯೆಯಲ್ಲಿ ವಾರಕ್ಕೆ ಸಿಗುತ್ತಿದ್ದ 97 ಪೌಂಡಿನ ಹೆಚ್ಚುವರಿ ಹಣ, 2026ರ ಏಪ್ರಿಲ್‌ನಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ಸುಮಾರು 50 ಪೌಂಡ್ ಮಾತ್ರ. ಸಾವಿನಂಚಿನಲ್ಲಿರುವವರಿಗೂ ಎಂದೂ ಗುಣವಾಗದ ತೀವ್ರ ಕಾಯಿಲೆಯವರಿಗೂ ಮಾತ್ರ ವಿನಾಯಿತಿ. ಈಗ ಪಡೆಯುತ್ತಿರುವವರಿಗೆ ಏನೂ ಕಡಿತವಿಲ್ಲ. ಮುಂದಿನ ವರ್ಷ ಯಾರ ಬೆನ್ನುಮೂಳೆ ಮುರಿಯಲಿದೆಯೋ ಅವನಿಗೆ ಇಂದು ಅದು ಗೊತ್ತಿಲ್ಲ, ಆದ್ದರಿಂದ ಅವನು ತನ್ನ ಸಂಸದನಿಗೆ ಪತ್ರ ಬರೆಯುವುದೂ ಇಲ್ಲ.

ಇದನ್ನೆಲ್ಲ ನೋಡಿ, ಕೂಗುವವರಿಗೆ ಸಿಗುತ್ತದೆ, ಕೂಗದವರಿಗೆ ಸಿಗುವುದಿಲ್ಲ ಎಂದು ಷರಾ ಬರೆದುಬಿಡಬಹುದಿತ್ತು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ಲೆಕ್ಕಕ್ಕೆ ಸಿಗದವರು 1950ರ ದಶಕದಲ್ಲಿ ಹುಟ್ಟಿದ ಸುಮಾರು 36 ಲಕ್ಷ ಬ್ರಿಟಿಷ್ ಹೆಂಗಸರು. ಅವರ ಪಿಂಚಣಿಯ ವಯಸ್ಸನ್ನು 60ರಿಂದ ಗಂಡಸರ ಮಟ್ಟಕ್ಕೆ ಏರಿಸಲು 1995ರಲ್ಲಿ ಕಾಯ್ದೆಯಾಯಿತು, 2011ರಲ್ಲಿ ಆ ಏರಿಕೆಯ ವೇಗವನ್ನು ಇನ್ನೂ ಹೆಚ್ಚಿಸಲಾಯಿತು. ಅನೇಕರಿಗೆ ವಿಷಯ ಸರಿಯಾಗಿ ತಲುಪಿರಲಿಲ್ಲ. ಅವರು ಸಂಘ ಕಟ್ಟಿದರು, ನೇರಳೆ ಬಣ್ಣದ ಪಟ್ಟಿ ತೊಟ್ಟು ಸಂಸತ್ತಿನ ಮುಂದೆ ವರ್ಷಗಟ್ಟಲೆ ಕೂಗಿದರು. ಒಬ್ಬೊಬ್ಬರಿಗೆ 1,000ದಿಂದ 2,950 ಪೌಂಡ್ ಪರಿಹಾರ ಕೊಡುವುದು ಸೂಕ್ತವೆಂದು 2024ರ ಮಾರ್ಚ್‌ನಲ್ಲಿ ಸರ್ಕಾರದ ಮೇಲಿನ ದೂರುಗಳನ್ನು ವಿಚಾರಿಸುವ ಅಲ್ಲಿನ ಓಂಬುಡ್ಸ್‌ಮನ್ ಕೂಡ ಹೇಳಿದರು. ವಿರೋಧಪಕ್ಷದಲ್ಲಿದ್ದಾಗ ಅವರೊಂದಿಗೆ ಫೋಟೋ ತೆಗೆಸಿಕೊಂಡವರೇ ಆ ಡಿಸೆಂಬರ್‌ನಲ್ಲಿ ಕೊಡಲಾಗದು ಎಂದರು. ಇನ್ನೊಂದು ಕಡೆ, ಮತವೇ ಇಲ್ಲದ ಮಕ್ಕಳ ವಿಷಯದಲ್ಲಿ, ಮೂರನೆಯ ಮಗುವಿಗೆ ಭತ್ಯೆಯಿಲ್ಲ ಎಂಬ 2017ರ ನಿಯಮವನ್ನು 2025ರ ನವೆಂಬರ್ ಬಜೆಟ್‌ನಲ್ಲಿ ರದ್ದು ಮಾಡಿದರು. ಕೂಗಿನ ಲೆಕ್ಕ ಎರಡೂ ಕಡೆ ತಪ್ಪಿತು.

ಹಾಗಾದರೆ ಸೂತ್ರ ಯಾವುದು? ನನಗೆ ಈಗ ಅನ್ನಿಸುವುದು, ಅಕ್ಕನ ಪ್ರಶ್ನೆಗೆ ಉತ್ತರ ಕೊಡದೆ ಇಟ್ಟುಕೊಂಡಿರುವುದೇ ಆ ಇಡೀ ವ್ಯವಸ್ಥೆಯ ಸೂತ್ರವೆಂದು. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಪಿಂಚಣಿದಾರರಿಗೆ ಹೇಳುವುದು ಒಂದೇ ಮಾತು: ಜೀವನವಿಡೀ ದುಡಿದು ವಂತಿಗೆ ಕಟ್ಟಿದ್ದೀರಿ, ಇದು ನಿಮ್ಮ ಗಳಿಕೆ. ನ್ಯಾಯಾಲಯದ ಕಟ್ಟೆ ಹತ್ತಿದಾಗ ಅದೇ ಸರ್ಕಾರದ ವಕೀಲರು ಬೇರೆ ಮಾತಾಡುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಎಂಬ ಮಹಿಳೆ ಈ ಹೆಪ್ಪುಗಟ್ಟಿದ ಪಿಂಚಣಿಯ ವಿರುದ್ಧ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠದವರೆಗೆ ಹೋಗಿ 2005ರಲ್ಲಿ ಸೋತರು. ಅಲ್ಲಿಂದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2010ರ ಮಾರ್ಚ್‌ನಲ್ಲಿ ಅಲ್ಲಿಯೂ ಸೋತರು. ಖಾಸಗಿ ಪಿಂಚಣಿ ಯೋಜನೆಯಲ್ಲಿ ಇರುವಂತಹ ನೇರ ನಂಟು ರಾಷ್ಟ್ರೀಯ ವಿಮೆಯ ವಂತಿಗೆಗೂ ಪಿಂಚಣಿಗೂ ಇಲ್ಲ, ಆ ವಂತಿಗೆ ಹತ್ತಾರು ಬಗೆಯ ಸಾಮಾಜಿಕ ಭತ್ಯೆಗಳಿಗೆ ಒಟ್ಟಾಗಿ ಹೋಗುವ ಹಣ, ಹೊರದೇಶದಲ್ಲಿರುವವರ ಸ್ಥಿತಿ ಒಳಗಿರುವವರ ಸ್ಥಿತಿಗೆ ಸಮಾನವಲ್ಲ ಎಂಬುದು ತೀರ್ಪಿನ ಸಾರ. ಅಂದರೆ ಕೊಡುವಾಗ ಅದು ನಿಮ್ಮದು, ಕೇಳಿದಾಗ ಅದು ನಮ್ಮದು.

ಲಂಡನ್ನಿಗೆ ಹೋಗಿ ಈ ಪ್ರಶ್ನೆ ಕೇಳಿದವರಲ್ಲಿ ಕೊಡಗಿನವನೊಬ್ಬ ಬಹಳ ಹಿಂದೆಯೇ ಇದ್ದ. 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಗೆ ಗಡೀಪಾರಾದ ಚಿಕ್ಕವೀರರಾಜೇಂದ್ರ, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ತೊಡಗಿಸಿದ್ದ ಕೊಡಗಿನ ಅರಸು ಮನೆತನದ ಹಣ ತನಗೆ ಸೇರಬೇಕೆಂದು ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿದ. ಹಣ ಕೈಸೇರದೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ಅವನ ಕ್ರೌರ್ಯದ ಕತೆಗಳನ್ನು ಕೇಳಿ ಬೆಳೆದ ನನಗೆ ಅವನ ಮೇಲೆ ಕನಿಕರವೇನೂ ಇಲ್ಲ, ಆ ಹಣ ಅವನ ಬೆವರಿನದೂ ಆಗಿರಲಿಲ್ಲ. ಅಕ್ಕನನ್ನು ಅವನಿಗೆ ಹೋಲಿಸಿದರೆ ಅವಳು ನನ್ನನ್ನು ಮನೆಗೆ ಸೇರಿಸುವುದೂ ಇಲ್ಲ.

ಅಕ್ಕನಿಗೆ ಅಲ್ಲಿ ಮತದ ಹಕ್ಕೂ ಇದೆ. ದೇಶ ಬಿಟ್ಟು 15 ವರ್ಷವಾದ ಮೇಲೆ ಮತವಿಲ್ಲ ಎಂಬ ನಿಯಮ 2024ರ ಜನವರಿಯಲ್ಲಿ ರದ್ದಾದಾಗ ಅವಳು ಉತ್ಸಾಹದಿಂದ ಹೆಸರು ನೋಂದಾಯಿಸಿದಳು. ಮತಪತ್ರ ಶಾಂತಳ್ಳಿಗೆ ತಲುಪುವ ಹೊತ್ತಿಗೆ ಜುಲೈ 4ರ ಚುನಾವಣೆಯ ಫಲಿತಾಂಶ ಬಂದು ವಾರವಾಗಿತ್ತು. ಸಕಾಲಕ್ಕೆ ತಲುಪಿದ್ದರೂ ಆಗುತ್ತಿದ್ದುದು ಅಷ್ಟರಲ್ಲೇ ಇದೆ. ಹೊರದೇಶದವರ ಮತ ಅವರು ಕೊನೆಗೆ ವಾಸವಿದ್ದ ಕ್ಷೇತ್ರಕ್ಕೆ ಹೋಗುವುದರಿಂದ 650 ಕ್ಷೇತ್ರಗಳಲ್ಲಿ ಚೆಲ್ಲಿಹೋಗುತ್ತದೆ, ಯಾವ ಅಭ್ಯರ್ಥಿಗೂ ಅದರ ಭಯವಿಲ್ಲ.

ನಾವು ಮಾತಾಡುತ್ತಿರುವಾಗಲೇ ಅಂಚೆಯಣ್ಣ ತೋಟದ ಕೆಲಸಗಾರರ ಲೈನ್ ಮನೆಯ ಅಜ್ಜಿಗೆ ಪಿಂಚಣಿ ಕೊಡಲು ಬಂದ. ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ. ಕಣದ ಅಂಚಿನಲ್ಲಿ ಕುಳಿತು ಅಜ್ಜಿ ಸಣ್ಣ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದಳು. ಒಪ್ಪಲಿಲ್ಲ. ಐವತ್ತು ವರ್ಷ ಕಾಫಿ ಕುಯ್ದ ಬೆರಳಿನಲ್ಲಿ ಗೆರೆಗಳೆಲ್ಲ ಸವೆದುಹೋಗಿವೆ, ಮೇಲೆ ಹಣ್ಣಿನ ಕಪ್ಪು ಅಂಟು ಬೇರೆ. ಅಕ್ಕ ಒಳಗಿನಿಂದ ಸೋಪು ತಂದುಕೊಟ್ಟಳು. ತೊಳೆದು, ಸೆರಗಿನಲ್ಲಿ ಒರೆಸಿ, ಉಂಗುರದ ಬೆರಳಿಟ್ಟಾಗ ಮೂರನೆಯ ಸಲ ಯಂತ್ರ ಒಪ್ಪಿತು. ಅಜ್ಜಿಯ ಪಿಂಚಣಿಗೆ ಬೀಗ ಒಂದೂ ಇಲ್ಲ. ಇನ್ನೊಂದು ಯೋಜನೆಯಾದ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲೂ ಅಷ್ಟೇ: 80 ವರ್ಷದೊಳಗಿನವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಯೋಜನೆಗೆ ಹೊಸ ಹೆಸರು ಬಂದಾಗಲೂ ಅಷ್ಟೇ ಇತ್ತು, ಈಗಲೂ ಅಷ್ಟೇ. ಅಕ್ಕನ 87 ಪೌಂಡ್ 30 ಪೆನ್ಸ್ ನಿಂತ ವರ್ಷವೂ ಅದೇ. ಅಜ್ಜಿ ಯಾವ ಸ್ಟಾಂಪನ್ನೂ ಕಟ್ಟಿದವಳಲ್ಲ, ಆದ್ದರಿಂದ ಇದು ತನ್ನ ದುಡ್ಡೇ ಎಂದು ಅವಳು ಯಾರನ್ನೂ ಕೇಳಲಿಲ್ಲ. ಐವತ್ತು ವರ್ಷ ಅವಳು ಕುಯ್ದ ಕಾಫಿಯ ಮೇಲೆ ಸರ್ಕಾರಗಳು ಎಷ್ಟು ತೆರಿಗೆ ಎಣಿಸಿಕೊಂಡಿರಬಹುದು ಎಂದು ನಾನು ಕೇಳಬಹುದಿತ್ತು, ಕೇಳಲಿಲ್ಲ.

ಮರುದಿನ ಅಕ್ಕನನ್ನು ಸೋಮವಾರಪೇಟೆಗೆ ಕರೆದುಕೊಂಡು ಹೋದೆ. ಡಾಕ್ಟರು ನಾಡಿ ಹಿಡಿಯದೆಯೇ ಸಹಿ ಮಾಡಿ, ಮೊಹರು ಒತ್ತಿ, "ಅಮ್ಮ, ನೀವು ಬದುಕಿದ್ದೀರಿ" ಎಂದರು. ಲಕೋಟೆಯನ್ನು ಅಂಚೆಗೆ ಹಾಕಿ ಹಿಂದಿರುಗುವಾಗ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ, ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದಳು. 2026ರ ಏಪ್ರಿಲ್‌ನಿಂದ ಶೇ. 4.8ರ ಏರಿಕೆಯಾಗಿ ಅಲ್ಲಿನ ದರ 184 ಪೌಂಡ್ 90 ಪೆನ್ಸ್ ಆಗುತ್ತದೆ ಎಂದು ಹಿಂದಿನ ದಿನ ನಾನೇ ಹೇಳಿದ್ದೆ. ತಾನು ಏಪ್ರಿಲ್‌ನಲ್ಲಿ ಮಗಳ ಮನೆಗೆ ಹೋಗಿ ಎಂಟು ವಾರ ಇದ್ದು ಬಂದರೆ, ವಾರಕ್ಕೆ 97 ಪೌಂಡ್ 60 ಪೆನ್ಸ್‌ನಂತೆ ಹೆಚ್ಚುವರಿಯಾಗಿ 780 ಪೌಂಡ್ 80 ಪೆನ್ಸ್ ಸಿಗುತ್ತದೆ ಎಂಬುದು ಅವಳ ಲೆಕ್ಕ. "ವಿಮಾನದ ಟಿಕೆಟ್ಟಿಗೆ ಅಲ್ಲಿಗೆ ಸರಿಹೋಯಿತು ನೋಡು. ಪಾಸ್‌ಪೋರ್ಟ್ ಯಾವ ಪೆಟ್ಟಿಗೆಯಲ್ಲಿದೆಯೋ, ಮನೆಗೆ ಹೋದ ಮೇಲೆ ಹುಡುಕಿಕೊಡು" ಎಂದಳು.